ಆರೂ ಒಂದೇ

"ಎರಡೂ ಒಂದೇ ಥರ ಕಾಣ್ತಿದೆ ಸಾರ್. ತಪ್ಪಾ?" ಎಂದು ಬಸ್ಸಿನ ಚಾಲಕ ಕೇಳಿದಾಗ ಕನ್ನಡಕದವನ ಕೈಯಲ್ಲಿದ್ದ ಗಾಜು ಇನ್ನೇನು ಜಾರಿ ಬೀಳುವುದರಲ್ಲಿತ್ತು. ಗುರುವಾರ, ಬೆಳಗಿನ ಹನ್ನೊಂದು ಗಂಟೆ, ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆ ಕೋಣೆ, ಎದುರು ಗೋಡೆಯಲ್ಲಿ ಬೆಳಗುತ್ತಿದ್ದ ಅಕ್ಷರಗಳ ಹಲಗೆ. ಎತ್ತರದ ಸ್ಟೂಲಿನ ಮೇಲೆ ಚಾಲಕ, ಪರೀಕ್ಷೆಯ ಭಾರದ ಚೌಕಟ್ಟನ್ನು ಮೂಗಿನ ಮೇಲೆ ಹೊತ್ತು, ಆಗಲೇ ನಪಾಸಾದವನ ಹಾಗೆ ಕೂತಿದ್ದ. ಇಪ್ಪತ್ತೆರಡು ವರ್ಷಗಳಿಂದ ಈ ಕೋಣೆಯಲ್ಲಿ ಅವನು ದಿನಕ್ಕೆ ನೂರು ಸಲ ಕೇಳುತ್ತ ಬಂದ ಪ್ರಶ್ನೆ ಒಂದೇ: ಇದು ಸ್ಪಷ್ಟವೋ, ಇದೋ? ಆ ನೂರರ ನಡುವೆ ಒಂದು ಸಲ ಮಾತ್ರ, ಯಾರಿಗೂ ಹೇಳದೆ, ಹಾಕಿದ ಗಾಜನ್ನೇ ತೆಗೆದು ಅದನ್ನೇ ಮತ್ತೆ ಹಾಕಿ ಕೇಳುತ್ತಿದ್ದ. ಹತ್ತರಲ್ಲಿ ಏಳು ಮಂದಿ "ಎರಡನೇದೇ ವಾಸಿ" ಎನ್ನುತ್ತಿದ್ದರು. ಅವರು ಸುಳ್ಳರೇನಲ್ಲ. ಇಷ್ಟು ಆಸ್ಥೆಯಿಂದ ಕೇಳುತ್ತಿರುವಾಗ ಏನೂ ವ್ಯತ್ಯಾಸವಿಲ್ಲ ಎಂದು ಹೇಳುವುದು ಹೇಗೆ ಎಂದು ಸಂಕೋಚಪಡುವವರು. ಅಂಥವರ ಮಾತನ್ನು ಅವನು ಇನ್ನೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ.

"ತಪ್ಪಲ್ಲ," ಎಂದ. "ಎರಡೂ ಒಂದೇ ಗಾಜು. ನೀವು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರಿ."

"ಹಂಗಾದ್ರೆ ನಾನು ಪಾಸಾ?"

"ನೂರಕ್ಕೆ ನೂರು."

ಚಾಲಕ ಚೌಕಟ್ಟಿನ ಸಮೇತ ನಕ್ಕ. ಅವನೂ ನಗಲು ಹೋದ, ಆದರೆ ಕಿವಿಯ ತುದಿ ಬಿಸಿಯಾಯಿತು. ನಾಲ್ಕು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ಅವನದೇ ಮನೆಯಲ್ಲಿ, ಇದೇ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟವಳನ್ನು ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬರೆದವಳು ಅವನ ಹೆಂಡತಿ. ಅವಳು ಬರೆದದ್ದು ಅಕ್ಷರಶಃ ನಿಜವೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಅವನೂ ನಕ್ಕಿದ್ದ. ಅದೂ ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚು ಹೊತ್ತು.

ಚಾಲಕನ ಅಳತೆಗಳನ್ನು ಚೀಟಿಯಲ್ಲಿ ಬರೆಯುವಾಗ ಎಡ ಬಲ ತಪ್ಪಿತು, ಹರಿದು ಬೇರೆ ಬರೆದ. ಆ ಭಾನುವಾರದ ಕೂಟಕ್ಕೆ ಹೆಸರೇನೂ ಇರಲಿಲ್ಲ, ಬೇಕೂ ಇರಲಿಲ್ಲ. ಮೂರು ಜನ ಬರುತ್ತಿದ್ದರು, ನಾಲ್ಕನೆಯವನು ಅವನು. ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ಯಾವ ಮಾತಿಗೂ ಗ್ರಾಫ್ ಹಾಳೆ ತೆಗೆಯುವವರು. ಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿ ಮಾಡುವ ಗಡಿಯಾರದವರು, ಮೆಲ್ಲಗೆ ಮಾತಾಡುವವರು, ಮಾತಾಡುವಾಗಲೂ ಒಂದು ಕಣ್ಣು ಕಿರಿದು ಮಾಡುವವರು. ಮತ್ತೆ ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಯಾವುದನ್ನು ಕೊಂಡರೂ ಅದರ ಮೇಲೆ ಒಂದು ಭಾಷಣವನ್ನು ಪುಕ್ಕಟೆ ಕೊಡುವವನು. ಈ ನಾಲ್ವರೂ ಹನ್ನೊಂದು ವರ್ಷಗಳಿಂದ ಅವನ ಮನೆಯ ಮುಂದಿನ ಕೋಣೆಯಲ್ಲಿ ಕಲೆತು ಹಾಡು ಕೇಳುತ್ತಿದ್ದರು ಎಂದರೆ ಅದು ಪೂರ್ತಿ ನಿಜವಲ್ಲ. ಅವರು ಯಂತ್ರಗಳನ್ನು ಕೇಳುತ್ತಿದ್ದರು. ಮೇಷ್ಟ್ರ ಪ್ರಕಾರ ಅಂಕಿ ಅಂಕಿಯೇ, ಅದಕ್ಕೆ ಯಾವ ತಂತಿಯಾದರೇನು. ಷಡ್ಡಕನ ಪ್ರಕಾರ ಬೆಳ್ಳಿ ತಂತಿ ಇಲ್ಲದ ಮನೆ ಮನೆಯೇ ಅಲ್ಲ. ಒಬ್ಬರು ಏರಿಗೆಳೆದರೆ ಇನ್ನೊಬ್ಬರು ನೀರಿಗೆ. ನಡುವೆ ಹಾಡು ಪಾಪ ತನ್ನ ಪಾಡಿಗೆ ಮುಗಿದುಹೋಗುತ್ತಿತ್ತು. ಆ ಕೋಣೆಯ ನೆಲದಲ್ಲಿ ಒಂದು ಕುರ್ಚಿಯ ನಾಲ್ಕು ಕಾಲಿಗೆ ಅವನು ನಾಲ್ಕು ಟೇಪಿನ ಪಟ್ಟಿ ಅಂಟಿಸಿದ್ದ. ಎರಡು ಸ್ಪೀಕರಿನಿಂದ ತನ್ನ ಮೂಗಿನವರೆಗೆ ದಾರ ಹಿಡಿದು ಅಳೆದು, ಅಲ್ಲಿ ಕೂತರೆ ಮಾತ್ರ ಹಾಡು ಹಾಡಾಗುತ್ತದೆ ಎಂದು ನಿರ್ಧರಿಸಿದ ಜಾಗ. ತಂತಿಗಳು ನೆಲ ಮುಟ್ಟಬಾರದೆಂದು ಬೋರಲು ಹಾಕಿದ ಬಟ್ಟಲುಗಳ ಮೇಲೆ ಸಾಗುತ್ತಿದ್ದವು. ಹೆಂಡತಿ ನೆಲ ಒರೆಸುವಾಗ ಆ ಬಟ್ಟಲುಗಳನ್ನು ಎಣಿಸಿ, "ಏಳು ಜನಕ್ಕೆ ಕಾಫಿ ಕೊಡಬಹುದಿತ್ತು," ಎನ್ನುತ್ತಿದ್ದಳು. ಅವಳ ತಮಾಷೆಗೆ ಅವನು ನಕ್ಕದ್ದು ಯಾವಾಗ ಕೊನೆ ಎಂದು ಈಗ ನೆನಪಾಗಲೊಲ್ಲದು.

ಜಗಳ ಹತ್ತಿದ್ದು ಡ್ಯಾಕಿನ ಮೇಲೆ. ಕಂಪ್ಯೂಟರಿನಲ್ಲಿ ಬರೀ ಅಂಕಿಗಳಾಗಿ ಬಿದ್ದುಕೊಂಡಿರುವ ಹಾಡನ್ನು ಮತ್ತೆ ಸದ್ದಾಗಿಸುವ ಪೆಟ್ಟಿಗೆ ಅದು. ಷಡ್ಡಕನ ಹತ್ತಿರ ಅಂಗಡಿಯಿಂದ ತಂದ ಬೆಳ್ಳಿ ಬಣ್ಣದ ಪೆಟ್ಟಿಗೆಯಿತ್ತು, ಕನ್ನಡಿಯ ಹಾಗೆ ಮುಖ ಕಾಣುವಂಥದ್ದು. ಗಡಿಯಾರದವರು ಅದನ್ನು ನೋಡಿ ಏನೂ ಹೇಳದೆ ಮನೆಗೆ ಹೋದವರು, ಎರಡು ವರ್ಷ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಕೂದಲೆಳೆಯಂಥ ತಂತಿಗಳನ್ನು ಬೆಸೆದು ಬಿಸ್ಕತ್ತಿನ ಡಬ್ಬದೊಳಗೆ ತಮ್ಮದೇ ಒಂದು ಪೆಟ್ಟಿಗೆ ಕಟ್ಟಿ ತಂದರು. ಡಬ್ಬದ ಮೇಲಿದ್ದ ಹೂವಿನ ಬುಟ್ಟಿಯ ಚಿತ್ರ ಹಾಗೇ ಇತ್ತು. ಷಡ್ಡಕ, "ಹೆತ್ತವರಿಗೆ ಹೆಗ್ಗಣ ಮುದ್ದು," ಎಂದ. ಗಡಿಯಾರದವರ ಮುಖ ಸಣ್ಣಗಾಯಿತು. ಆಗ ಮೇಷ್ಟ್ರು ಗ್ರಾಫ್ ಹಾಳೆ ತೆಗೆದರು. ಪರದೆ ಕಟ್ಟೋಣ, ಎರಡೂ ಪೆಟ್ಟಿಗೆ ಪರದೆಯ ಹಿಂದೆ, ಒಂದೇ ಹಾಡು ಆರು ಸಲ, ಯಾವ ಸಲ ಯಾವ ಪೆಟ್ಟಿಗೆ ಎಂದು ನಾನು ಬರೆದು ಮಡಿಸಿಕೊಡುತ್ತೇನೆ, ಒಬ್ಬರು ಹಿಂದೆ ಕೂತು ಅದರಂತೆ ಪೆಟ್ಟಿಗೆ ಬದಲಿಸುವ ತಿರುಪು ತಿರುಗಿಸಲಿ, ಕೇಳುವವರು ಪ್ರತಿ ಸಲಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಲಿ. ಪಟ್ಟಿ ಬರೆಯುವ ನೀವೇ ಕೇಳಿದರೆ ಹೇಗೆ ಎಂದು ಷಡ್ಡಕ ತಕರಾರು ತೆಗೆದ. ಮೇಷ್ಟ್ರು ನಾಲ್ಕಾರು ಪಟ್ಟಿ ಬರೆದು, ಕಣ್ಣು ಮುಚ್ಚಿ ಅದರಲ್ಲೊಂದನ್ನು ಎತ್ತಿ, ನೋಡದೆಯೇ ಮಡಿಸಿಕೊಟ್ಟರು. ತಿರುಪು ತಿರುಗಿಸಲು ಕನ್ನಡಕದವನೇ ಆಗಬೇಕು, ಅವನು ಪ್ರಾಮಾಣಿಕ, ಇದು ಅವನ ಕಸುಬೇ ಅಲ್ಲವೇ ಎಂದು ಎಲ್ಲರೂ ಒಪ್ಪಿದರು. ಕುರ್ಚಿ ಒಂದು ಖಾಲಿ ಉಳಿಯಿತೆಂದು ಹೆಂಡತಿಯನ್ನೂ ಕರೆದು ಕೂರಿಸಿದರು.

ಪ್ರಾಮಾಣಿಕ! ಅವನು ಬರಿಗಾಲಲ್ಲಿ ಪರದೆಯ ಹಿಂದೆ ಗಿಡ್ಡ ಮಣೆಯ ಮೇಲೆ ಕೂತ. ತಿರುಪು ಮೇಜಿನ ಆ ತುದಿಗಿತ್ತು, ಎದ್ದು ಎರಡು ಹೆಜ್ಜೆ ಹೋಗಬೇಕು. ಅದು ಷಡ್ಡಕನ ಬೆಳ್ಳಿ ಪೆಟ್ಟಿಗೆಯ ಕಡೆಗೆ ಇತ್ತು. ಹಾಡು ಶುರುವಾಯಿತು. ಹಳೆಯ ಹಾಡು, ಒಬ್ಬಳು ಹೆಂಗಸು, ಒಂದು ಪಿಟೀಲು; ನೂರಾರು ಸಲ ಕೇಳಿದ್ದು, ಅಂದರೆ ನೂರಾರು ಸಲ ಪರೀಕ್ಷಿಸಿದ್ದು. ಅಂದು ಅವನಿಗೆ ಪರೀಕ್ಷಿಸುವ ಕೆಲಸವಿರಲಿಲ್ಲ. ಸ್ಪೀಕರಿನ ಬೆನ್ನಿಗೆ, ಮೂಲೆಯಲ್ಲಿ, ಪಟ್ಟಿ ಅಂಟಿಸಿದ ಜಾಗದಿಂದ ಅತ್ಯಂತ ದೂರದ ಅತ್ಯಂತ ಕೆಟ್ಟ ಜಾಗದಲ್ಲಿ ಕೂತಿದ್ದ ಅವನೊಳಗೆ ಹಾಡು ಸೀದಾ ಬಂದು ಕೂತಿತು. ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಮನೆಯ ಒಡಕು ರೇಡಿಯೋದಲ್ಲಿ ಗೋಡೆಗೆ ಕಿವಿ ಹಚ್ಚಿ ಕೇಳುತ್ತಿದ್ದದ್ದು, ಕಿವಿಗೆ ಸುಣ್ಣ ಮೆತ್ತಿಕೊಂಡನೆಂದು ಅಮ್ಮ ಬೈದದ್ದು, ಅದೆಲ್ಲ ಹಾಡಿನ ಜೊತೆಗೇ ಬಂತು. ಹಾಡು ಮುಗಿಯಿತು, ಅಂಕ ಬರೆಯಲು ಅರ್ಧ ನಿಮಿಷದ ಬಿಡುವು, ಮತ್ತೆ ತಾನಾಗಿಯೇ ಶುರುವಾಯಿತು, ಮತ್ತೆ ಮುಗಿಯಿತು. ಬಿಡುವಿನಲ್ಲಿ ಅವನು ಮುಂದಿನ ಸಲಕ್ಕಾಗಿ ಕಾಯುತ್ತಿದ್ದ, ಅಷ್ಟೇ. ಆರನೆಯದು ಮುಗಿದು ಷಡ್ಡಕ "ಆಯ್ತಪ್ಪಾ, ಹೊರಗೆ ಬಾ," ಎಂದು ಕೂಗಿದಾಗ ಅವನ ಕೈ ಜೇಬಿಗೆ ಹೋಯಿತು. ಮೇಷ್ಟ್ರ ಪಟ್ಟಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ತಿರುಪು ಇದ್ದಲ್ಲೇ ಇತ್ತು. ಗಡಿಯಾರದವರ ಡಬ್ಬ ಒಂದೇ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಷಡ್ಡಕ, "ಎರಡನೇ ಸಲ ಇತ್ತಲ್ಲ, ಪಿಟೀಲು ಸೀದಾ ತೊಡೆ ಮೇಲೇ ಬಂದು ಕೂತ್ಕೊಳ್ತು!" ಎಂದ. ಮೇಷ್ಟ್ರು, "ನಾಲ್ಕನೇದರಲ್ಲಿ ತಳ ಇಲ್ಲ. ಮಸಕು. ಇದು ಭ್ರಮೆ ಅಲ್ಲ, ನಾನು ಮೂರು ಅಂಕ ಕೊಟ್ಟಿದೀನಿ," ಎಂದರು. ಅವನ ಕೈ ತಾನಾಗಿ ಪಟ್ಟಿಯನ್ನು ಮೇಷ್ಟ್ರಿಗೆ ಕೊಟ್ಟಿತು. ಪಟ್ಟಿಯ ಪ್ರಕಾರ ಎರಡನೆಯದು ಡಬ್ಬ, ನಾಲ್ಕನೆಯದು ಬೆಳ್ಳಿ. ಕೂಡಿ ಕಳೆದು ನೋಡಿದರೆ ಡಬ್ಬ ಗೆದ್ದಿತ್ತು! ಗಡಿಯಾರದವರು ಎದ್ದು ನಿಂತು, ಏನು ಮಾಡುವುದೆಂದು ತೋಚದೆ, ಮತ್ತೆ ಕೂತರು. ಅವರ ಕಣ್ಣು ಎರಡೂ ದೊಡ್ಡದಾಗಿದ್ದನ್ನು ಅವನು ನೋಡಿದ್ದು ಅದೇ ಮೊದಲು. ಆಮೇಲೆ ಷಡ್ಡಕ ಕೊನೆಯ ಚೀಟಿ ತೆಗೆದು ಗಟ್ಟಿಯಾಗಿ ಓದಿದ: "ಆರೂ ಒಂದೇ. ಎರಡನೇ ಸಾಲಿಗೆ ಮುಂಚೆ ಆಕೆ ಉಸಿರು ತಗೊಳ್ತಾಳೆ, ಚೆನ್ನಾಗಿದೆ." ಓದಿ ಅವಳ ಕಡೆ ತಿರುಗಿ, "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತಲ್ಲಮ್ಮಾ ನಾದಿನಿ!" ಎಂದ. ಕೋಣೆ ನಗೆಯಿಂದ ಅದುರಿತು. ಅವಳೂ ಚೂರು ನಕ್ಕಳು. ನಕ್ಕು, ಅವನ ಮುಖ ನೋಡಿದಳು. ಅವನು ನಗುತ್ತಿದ್ದ.

ಗುರುವಾರ ಮಧ್ಯಾಹ್ನ, ಅಂಗಡಿಯಿಂದ ಊಟಕ್ಕೆ ಹೊರಟವನು ಗಡಿಯಾರದಂಗಡಿಯ ಮುಂದೆ ಹೋಗುವುದು ಬೇಡವೆಂದು ಬಳಸುದಾರಿ ಹಿಡಿದ. ತಲೆ ತಗ್ಗಿಸಿ ನಡೆಯುತ್ತಿದ್ದರಿಂದಲೋ ಏನೋ, ಬಳಸುದಾರಿ ಅವನನ್ನು ಅಲ್ಲಿಗೇ ತಂದು ನಿಲ್ಲಿಸಿತು. ಗಾಜಿನ ಕಪಾಟಿನಲ್ಲಿ, ಗೋಡೆ ಗಡಿಯಾರಗಳ ನಡುವೆ, ಅತಿಥಿಯ ಹಾಗೆ ಬಿಸ್ಕತ್ತಿನ ಡಬ್ಬ. ಮುಂದೆ ಒಂದು ಪುಟ್ಟ ಚೀಟಿ: "ಪರೀಕ್ಷೆಯಲ್ಲಿ ಗೆದ್ದದ್ದು". ಗಡಿಯಾರದವರು ಒಳಗಿಂದಲೇ ಕೈ ಎತ್ತಿ, "ರಿಪೇರಿಗೆ ಬರೋರೆಲ್ಲ ಕೇಳ್ತಾರೆ, ಇದೇನು ಅಂತ," ಎಂದರು. "ಹೇಳ್ತೀನಿ, ಪರದೆ ಕಟ್ಟಿ ನೋಡಿದ್ದು, ಸುಮ್ನೆ ಅಲ್ಲ ಅಂತ. ನಿಮ್ಮ ಹೆಸರೂ ಹೇಳ್ತೀನಿ. ತಿರುಪು ಅವರ ಕೈಲಿತ್ತು ಅಂತ." ಅವನು ಹೆಗಲು ಒರೆಸಿಕೊಂಡ. ಕುಂಬಳಕಾಯಿ ಕಳ್ಳನ ಗಾದೆ ನೆನಪಾಗಿ ಕೈಯನ್ನು ತಟ್ಟನೆ ಕೆಳಗಿಳಿಸಿದ. ಹೇಳಿದರೆ ಈ ಮನುಷ್ಯನ ಎರಡು ವರ್ಷ ಕಪಾಟಿನಿಂದ ಇಳಿಯುತ್ತದೆ. ಹೇಳದಿದ್ದರೆ ಅವಳು ಕೋಣನಾಗಿಯೇ ಉಳಿಯುತ್ತಾಳೆ. ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅದಕ್ಕಿಂತ ನಾಚಿಕೆಯ ಮಾತೊಂದಿತ್ತು. ತಿರುಗಿಸಲು ಯಾಕೆ ಮರೆತೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಹಾಡು ಚೆನ್ನಾಗಿತ್ತು, ಕೇಳುತ್ತ ಕೂತುಬಿಟ್ಟೆ ಎನ್ನಬೇಕು. ಹನ್ನೊಂದು ವರ್ಷದ ಕೂಟದಲ್ಲಿ ಅಂಥ ಮಾತನ್ನು ಯಾರೂ ಆಡಿರಲಿಲ್ಲ.

ಸಂಜೆ ಮನೆಗೆ ಹೋದಾಗ ಹೆಂಡತಿ ಆ ಪರದೆಯನ್ನೇ ತೊಡೆಯ ಮೇಲೆ ಹಾಕಿಕೊಂಡು ಅದರ ಅಂಚಿಗೆ ಗೇಣಗಲದ ಬೇರೆ ಬಟ್ಟೆ ಸೇರಿಸಿ ಹೊಲಿಯುತ್ತಿದ್ದಳು. "ಯಾಕೆ?" ಎಂದ. "ಗಿಡ್ಡ ಇತ್ತು," ಎಂದಳು. ಅವಳು ಆಸ್ಪತ್ರೆಯಲ್ಲಿ ಫೋನಿನ ಮೇಜಿನ ಮುಂದೆ ಕೂರುವವಳು. ಜನ ಹಲೋ ಅನ್ನುವ ಮೊದಲು ಎಳೆದುಕೊಳ್ಳುವ ಉಸಿರಿನಲ್ಲೇ ಅವಳಿಗೆ ಗೊತ್ತಾಗುತ್ತದಂತೆ, ಹೆರಿಗೆಯ ಸುದ್ದಿಗೆ ಕಾಯುವವರು ಯಾರು, ಬಿಲ್ಲಿನ ವಿಷಯಕ್ಕೆ ಜಗಳವಾಡುವವರು ಯಾರು ಎಂದು. ಮದುವೆಯಾದ ಹೊಸದರಲ್ಲಿ ಅವಳು ಇದನ್ನು ಹೇಳಿದಾಗ ಅವನು ಊರೆಲ್ಲ ಡಂಗುರ ಹೊಡೆದಿದ್ದ. ಅದೇ ಕಿವಿಯನ್ನು ಕೋಣನ ಕಿವಿ ಎಂದಾಗ ಹಲ್ಲು ಕಿರಿದಿದ್ದ. ಭಾನುವಾರದಿಂದ ಅವಳ ಗುನುಗು ನಿಂತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾತ್ರ ಬರುತ್ತಿತ್ತು. ಎಷ್ಟು ವರ್ಷಗಳಿಂದ ಆ ಗುನುಗು ಇತ್ತೆಂದು ಅದು ನಿಂತ ಮೇಲೆ ಅವನಿಗೆ ತಿಳಿದದ್ದು.

"ಇವತ್ತು ಒಬ್ಬ ಡ್ರೈವರ್ ಬಂದಿದ್ದ," ಎಂದ, ಚಪ್ಪಲಿ ಬಿಡದೆ ನಿಂತೇ. "ಅದೇ ಗಾಜು ಎರಡು ಸಲ ಹಾಕಿದೆ. ಎರಡೂ ಒಂದೇ ಅಂದ."

ಅವಳ ಸೂಜಿ ನಿಂತಿತು. "ಹೌದಾ? ಆಮೇಲೆ?"

"ಆಮೇಲೇನು. ಕನ್ನಡಕಕ್ಕೆ ಬರ್ಕೊಟ್ಟೆ."

"ಅಷ್ಟೇನಾ?"

"ಅಷ್ಟೇ."

ಅವಳು ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡಿದಳು. ಅವನು ಕೈಕಾಲು ತೊಳೆಯಲು ಹೋದ. ಅಲ್ಲಿ ಕನ್ನಡಿಯಲ್ಲಿ ಕಂಡ ಮುಖಕ್ಕೆ "ಬೆಪ್ಪುತಕ್ಕಡಿ" ಎಂದು ಬೈದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಹಾಜರು. ಕಿಟಕಿಯಿಂದ ಬಿಸಿಲು ಬಂದು ಬೋರಲು ಬಟ್ಟಲುಗಳ ಮೇಲೆ ಬಿದ್ದಿತ್ತು. ಮೇಷ್ಟ್ರು ಕಳೆದ ವಾರದ ಫಲಿತಾಂಶವನ್ನು ಗ್ರಾಫಿನಲ್ಲಿ ಎರಡು ಬಣ್ಣದಲ್ಲಿ ಬರೆದು ತಂದಿದ್ದರು. ಷಡ್ಡಕ ಸೋಲಿಗೆ ಕಾರಣವಾಗಿ ತನ್ನ ತಂತಿಯನ್ನು ಬಯ್ಯುತ್ತಿದ್ದ. ಗಡಿಯಾರದವರು ಹೊಸ ಶರ್ಟು ಹಾಕಿಕೊಂಡು, ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ತಂದಿದ್ದರು. "ಅಮ್ಮಾ, ನೀವೂ ಬನ್ನಿ," ಎಂದು ಮೇಷ್ಟ್ರು ಕರೆದರು. ಬಾಗಿಲ ಹತ್ತಿರ ಹುರುಳಿಕಾಯಿ ಸೋಸುತ್ತ ಕೂತಿದ್ದ ಅವಳು, "ಕೋಣನಿಗೆ ಯಾಕೆ ಮೇಷ್ಟ್ರೇ, ಜಾಗ ದಂಡ," ಎಂದಳು. ನಗುತ್ತಲೇ ಅಂದಳು. ಆ ನಗು ಅವನಿಗೆ ಚುರುಕ್ಕೆಂದು ಮುಟ್ಟಿತು. ಪರದೆ ಕಟ್ಟಲು ಕುರ್ಚಿ ಹತ್ತಿದ್ದವನು ಅಲ್ಲಿಂದಲೇ, ಕೈಯಲ್ಲಿ ಪರದೆ ಹಿಡಿದುಕೊಂಡೇ, ಹೇಳಿಬಿಟ್ಟ.

"ನಾನು ತಿರುಪು ತಿರುಗಿಸ್ಲೇ ಇಲ್ಲ."

"ಇವತ್ತಿನ್ನೂ ಶುರುನೇ ಆಗಿಲ್ವಲ್ಲ," ಎಂದ ಷಡ್ಡಕ.

"ಹೋದ ವಾರ. ಒಂದು ಸಲಾನೂ ತಿರುಗಿಸ್ಲಿಲ್ಲ. ಆರಕ್ಕಾರೂ ಬೆಳ್ಳಿ ಪೆಟ್ಟಿಗೇನೇ. ಪಟ್ಟಿ ಜೇಬಿಂದ ತೆಗೆದೇ ಇರ್ಲಿಲ್ಲ. ಹಾಡು... ಹಾಡು ಚೆನ್ನಾಗಿತ್ತು. ಕೇಳ್ತಾ ಕೂತ್ಬಿಟ್ಟೆ."

ಮೇಷ್ಟ್ರು ತಮ್ಮ ಗ್ರಾಫನ್ನು ನೋಡಿಕೊಂಡರು, ಒಂದು ಸಲ ತಲೆಕೆಳಗು ಮಾಡಿಯೂ ನೋಡಿದರು. ಒಂದೇ ಪೆಟ್ಟಿಗೆಗೆ ಒಮ್ಮೆ ಒಂಬತ್ತು, ಒಮ್ಮೆ ಮೂರು ಕೊಟ್ಟ ಮನುಷ್ಯ ತಾನೇ ಎಂಬುದು ಅವರ ಮುಖದ ಮೇಲೆ ನಿಧಾನವಾಗಿ ಏರಿತು. ಷಡ್ಡಕನಿಗೆ ಮೊದಲು ಬೆಳಕಾಯಿತು. "ಹಾಗಾದ್ರೆ ಆ ಒಂಬತ್ತೆಲ್ಲ ನನ್ನದಕ್ಕೇ ಬಂದಿದ್ದು!" ಎಂದು ಕೂಗಿದ. "ಆ ಮೂರು ಅಂಕಾನೂ ನಿನ್ನದಕ್ಕೇ," ಎಂದರು ಮೇಷ್ಟ್ರು. "ಆದ್ರೆ ನೋಡಿ, ಎರಡನೇ ಸಲದ ಹೊತ್ತಿಗೆ ಯಂತ್ರ ಬಿಸಿಯಾಗಿರುತ್ತೆ, ಕೋಣೆಯ ಗಾಳಿನೂ..." ಎಂದು ಶುರುಮಾಡಿ, ತಮಗೇ ನಗು ಬಂದು ನಿಲ್ಲಿಸಿದರು. ಅವನು ಇವರಿಬ್ಬರನ್ನೂ ನೋಡುತ್ತಿರಲಿಲ್ಲ. ಅವನು ಹೆದರಿಕೆಯಿಂದ ನೋಡುತ್ತಿದ್ದದ್ದು ಗಡಿಯಾರದವರ ಮುಖವನ್ನು. ಅವರು ಡಬ್ಬವನ್ನು ಮಡಿಲಿಗೆ ಎಳೆದುಕೊಂಡು, ಒಂದು ಕಣ್ಣು ಕಿರಿದು ಮಾಡಿ, ಅದರ ಮೇಲಿನ ಹೂವಿನ ಬುಟ್ಟಿಯನ್ನು ನೋಡಿದರು.

"ಅಂದ್ರೆ," ಎಂದರು, "ನನ್ನದು ಸೋತೂ ಇಲ್ಲ."

"ಇಲ್ಲ. ಅದು ಹಾಡ್ಲೇ ಇಲ್ವಲ್ಲ."

"ಸರಿ ಮತ್ತೆ. ಬಾಯಿ ಬಿಡದೇನೇ ಗೆದ್ದಿದೆ ಅಂದ್ರೆ, ಬಿಟ್ರೆ ಹೇಗಿರಬಹುದು!" ಹಾಗೆಂದು ಗಡಿಯಾರದವರು ನಕ್ಕರು. ಮೆಲ್ಲಗೆ ಮಾತಾಡುವ ಆ ಮನುಷ್ಯನಿಗೆ ಅಷ್ಟು ದೊಡ್ಡ ನಗುವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ಚೀಟಿ ಮಾತ್ರ ತೆಗೀತೀನಪ್ಪ ಕಪಾಟಿಂದ. ಡಬ್ಬ ಇರ್ಲಿ."

ಆಮೇಲೆ ಮೇಷ್ಟ್ರು ಎದ್ದರು. ನಲವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈಯಿಂದ ಜೇಬಿನ ಕೆಂಪು ಪೆನ್ನು ತೆಗೆದು, ಗ್ರಾಫಿಗೆ ಪಿನ್ನು ಹಾಕಿಟ್ಟಿದ್ದ ನಾಲ್ಕು ಚೀಟಿಗಳಲ್ಲಿ ಅವಳದನ್ನು ಹುಡುಕಿ, "ಆರೂ ಒಂದೇ" ಎಂಬುದರ ಪಕ್ಕದಲ್ಲಿ ಹತ್ತಕ್ಕೆ ಹತ್ತು ಎಂದು ಬರೆದರು. ಉಸಿರಿನ ಸಾಲಿನ ಕೆಳಗೆ ಒಂದು ಗೆರೆಯನ್ನೂ ಎಳೆದು ಅವಳ ಹತ್ತಿರ ಹೋಗಿ ಕೊಟ್ಟರು. "ತಪ್ಪು ತಿದ್ದಿದ್ದೆ ಅಮ್ಮಾ, ಕ್ಷಮಿಸಿ."

ಅವಳು ಚೀಟಿಯನ್ನು ನೋಡಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನನಗೆ ಗೊತ್ತಿತ್ತು," ಎಂದಳು.

"ಆರೂ ಒಂದೇ ಅಂತಾನಾ?"

"ಇವರು ತಿರುಗಿಸ್ಲಿಲ್ಲ ಅಂತ. ಪರದೆ ಗೇಣು ಗಿಡ್ಡ ಇತ್ತಲ್ಲ. ಕೆಳಗೆ ಇವರ ಕಾಲು ಕಾಣ್ತಿತ್ತು. ಹೆಬ್ಬೆರಳು ತಾಳ ಹಾಕ್ತಾ ಇತ್ತು, ಮೊದಲಿಂದ ಕೊನೇವರೆಗೆ. ಕೂತೋರು ಎದ್ದೇ ಇಲ್ಲ. ಎದ್ದು ಆ ಕಡೆ ಹೋಗದೆ ತಿರುಪು ತಿರುಗುತ್ತಾ?"

"ಮತ್ತೆ ನಮಗ್ಯಾಕೆ ಕಾಣ್ಲಿಲ್ಲ?" ಎಂದ ಷಡ್ಡಕ.

"ನೀವೆಲ್ಲ ಕಣ್ಣು ಮುಚ್ಕೊಂಡಿದ್ರಲ್ಲ ಭಾವ."

ಮೇಷ್ಟ್ರು ಗೋಡೆ ಹಿಡಿದುಕೊಂಡು ನಕ್ಕರು. ಷಡ್ಡಕ ಸೋಲೊಪ್ಪಲಿಲ್ಲ: "ಹಾಗಾದ್ರೆ ಇದು ಕಿವಿಯಿಂದ ಬರೆದಿದ್ದಲ್ಲ, ಕಾಪಿ!"

"ಮೂರನೇ ಸಲಕ್ಕೇ ಕಿವಿಗೆ ಗೊತ್ತಾಯ್ತು. ಆಮೇಲೆ ಕಾಲು ನೋಡಿ ಖಾತ್ರಿ ಮಾಡ್ಕೊಂಡೆ."

ಅವನು ಇನ್ನೂ ಕುರ್ಚಿಯ ಮೇಲೇ ನಿಂತಿದ್ದ. ಇಳಿದ. ಅವಳ ಎದುರಿಗೆ, ಹುರುಳಿಕಾಯಿಯ ಮೊರದ ಪಕ್ಕದಲ್ಲಿ, ನೆಲದ ಮೇಲೆ ಕೂತ. ಎಲ್ಲರೂ ಇದ್ದರು, ಆದರೂ ಕೇಳಿದ. "ಆವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಬೇಕಾದವರು ಹೇಳ್ಲಿ ಅಂತ ಕಾದೆ," ಎಂದಳು ಅವಳು, ಒಂದು ಕಾಯಿ ಮುರಿಯುತ್ತ. "ಇವರೆಲ್ಲ ನಕ್ಕಿದ್ದಕ್ಕೆ ನನಗೇನೂ ಅನ್ನಿಸ್ಲಿಲ್ಲ. ಇವರಿಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು."

ಅವನು ತಪ್ಪಾಯಿತು ಎಂದ. ಅಷ್ಟು ಚಿಕ್ಕ ಮಾತಿಗೆ ಏಳು ದಿನ ಹಿಡಿಯಿತಲ್ಲ ಎಂದು ನಾಚಿಕೆಯಾಯಿತು, ಜೊತೆಗೇ ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗೆ ಹಗುರವೂ ಆಯಿತು. ಕೈಯಲ್ಲಿದ್ದ ಪರದೆಯ ಹೊಸ ಅಂಚು ಕಣ್ಣಿಗೆ ಬಿತ್ತು. ಸಣ್ಣ ಹೊಲಿಗೆ, ಒಂದೂ ಸೊಟ್ಟ ಇರಲಿಲ್ಲ. "ಎಲ್ಲ ಗೊತ್ತಿದ್ದೂ ಇದನ್ನ ಯಾಕೆ ಉದ್ದ ಮಾಡಿದೆ?"

"ನಿಮ್ಮ ಮಾನ ಮುಚ್ಚೋಕೆ," ಎಂದಳು. "ಹೇಳದೇನೇ ಇದ್ದುಬಿಟ್ರೆ ಏನ್ಮಾಡೋದು ಅಂತ."

ಈ ಸಲ ಅವಳು ನಕ್ಕಾಗ ಅವನಿಗೆ ಚುಚ್ಚಲಿಲ್ಲ. ಗಡಿಯಾರದವರು ಅಷ್ಟರಲ್ಲಿ ಸದ್ದಿಲ್ಲದೆ ಹೋಗಿ ಡಬ್ಬಕ್ಕೆ ತಂತಿ ಸಿಕ್ಕಿಸಿದ್ದರು. ಪರದೆಯನ್ನು ಯಾರೂ ಕಟ್ಟಲಿಲ್ಲ. ಷಡ್ಡಕ ತಾನಾಗಿಯೇ ಪಟ್ಟಿಗಳ ಮೇಲಿದ್ದ ಕುರ್ಚಿಯನ್ನು ಎತ್ತಿ ತಂದು ಬಾಗಿಲ ಹತ್ತಿರ ಅವಳ ಪಕ್ಕ ಇಟ್ಟು, "ಕೂತ್ಕೊಳಮ್ಮಾ, ಮಹರಾಯ್ತಿ," ಎಂದ. ಅಳತೆ ತಪ್ಪಿತಲ್ಲ ಎಂದು ಕನ್ನಡಕದವನ ಜೀವ ಒಂದು ಸಲ ಹೊಯ್ದಾಡಿ ಸುಮ್ಮನಾಯಿತು. ಅವಳು ಕುರ್ಚಿಗೆ ಮೊರ ಇಟ್ಟು ತಾನು ನೆಲದಲ್ಲೇ ಕೂತಳು. ಹಾಡು ಶುರುವಾಯಿತು. ಪಿಟೀಲು, ಮೊದಲ ಸಾಲು. ಮೇಷ್ಟ್ರು, "ಇದರಲ್ಲಿ ತಳ ಸ್ವಲ್ಪ..." ಎಂದು ಬಾಯಿ ತೆರೆದರು. ಅವಳು ಅವರ ಕಡೆ ನೋಡದೆಯೇ ಹುರುಳಿಕಾಯಿ ಹಿಡಿದ ಕೈಯ ತೋರುಬೆರಳನ್ನು ಎತ್ತಿದಳು. ಮೇಷ್ಟ್ರು ಬಾಯಿ ಮುಚ್ಚಿದರು. ಎತ್ತಿದ ಬೆರಳು ಹಾಗೇ ನಿಂತಿರುವಾಗ, ಎರಡನೇ ಸಾಲಿಗೆ ಮುಂಚೆ, ಆ ಹಾಡುವ ಹೆಂಗಸು ಉಸಿರೆಳೆದುಕೊಂಡಳು. ಅವನು ಕೆಳಗೆ ನೋಡಿದ. ಎಲ್ಲರ ಎದುರಿಗೇ ಅವನ ಹೆಬ್ಬೆರಳು ತಾಳ ಹಾಕುತ್ತಿತ್ತು. ಅದರ ಪಕ್ಕದಲ್ಲಿ ಅವಳದೂ.